ಘಾಟದಲ್ಲಿ ವರ ನೋಡುತ್ತಿದ್ದ ಅತ್ಯಾ

ಅತ್ಯಾನ ಬಲಗೈ ಹೆಬ್ಬೆರಳು ಉಳಿದ ಬೆರಳುಗಳಿಗೆ ಹೊಂದುವಂಥದ್ದಲ್ಲ. ಅಗಲ, ಚಪ್ಪಟೆ, ಉಗುರಿನ ಸಂದಿಯಲ್ಲಿ ಸದಾ ಒಂದಿಷ್ಟು ಅರಿಸಿನ. ಆ ಬೆರಳಿನಿಂದ ಒತ್ತಿ ನೋಡದೆ ಅವಳು ಯಾವುದನ್ನೂ ಮನೆಯೊಳಗೆ ಬಿಟ್ಟವಳಲ್ಲ. ಬದನೆಕಾಯಿ, ಬ್ರೆಡ್ಡು, ಹೊಸ ಗಾದಿ, ಗ್ಯಾಸ್ ಸಿಲಿಂಡರಿನ ಮುಚ್ಚಳ, ಅಪ್ಪ ತಂದ ಸೆಕೆಂಡ್ ಹ್ಯಾಂಡ್ ಸ್ಕೂಟರಿನ ಟೈರು, ಎಲ್ಲದರ ಮೇಲೂ ಆ ಹೆಬ್ಬೆರಳು ಬೀಳಲೇಬೇಕು. ಒತ್ತಿದ ಮೇಲೆ ಕಣ್ಣು ಸಣ್ಣ ಮಾಡಿ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಿದ್ದಳು. ಆಗ ಚಿಂಚವಾಡದ ಮಂಡಿಯ ತರಕಾರಿಯವರು ತಾವಾಗಿಯೇ ಬೇರೆ ಬದನೆಕಾಯಿ ಎತ್ತಿ ಕೊಡುತ್ತಿದ್ದರು.

ಅತ್ಯಾ ಎಂದರೆ ಅಪ್ಪನ ತಂಗಿ. ಅಪ್ಪನಿಗೆ ಪುಣೆಯ ಹತ್ತಿರದ ಪಿಂಪ್ರಿಯ ಕಾರ್ಖಾನೆಯಲ್ಲಿ ಕೆಲಸ ಸಿಕ್ಕ ಹೊಸದರಲ್ಲಿ ಅವಳೂ ಧಾರವಾಡದಿಂದ ಬಂದು ನಮ್ಮ ಜೊತೆ ಉಳಿದಳು. ಅವಳಿಗೆ ಮದುವೆಯಾಗಿತ್ತು. ವರ್ಷ ತುಂಬುವುದರೊಳಗೆ ಗಂಡನ ಮನೆ ಬಿಟ್ಟು ಬಂದಳೆಂಬುದು ನಮಗೆಲ್ಲ ಗೊತ್ತಿತ್ತು. ಯಾಕೆ ಬಂದಳೆಂಬುದು ಗೊತ್ತಿರಲಿಲ್ಲ. ಆ ಮಾತು ಎತ್ತಿದರೆ ಅಪ್ಪ ಎದ್ದು ಅಡಿಗೆಮನೆಗೆ ಹೋಗಿ ನೀರು ಕುಡಿಯುತ್ತಿದ್ದರು. ನೀರಡಿಕೆ ಇಲ್ಲದವರು ಅಷ್ಟು ನೀರು ಕುಡಿಯುವುದು ನನಗೆ ಚಿಕ್ಕಂದಿನಿಂದಲೂ ಸಂಶಯ ತರಿಸುತ್ತಿತ್ತು.

ದೇಹೂ ರೋಡಿನ ಸೈನ್ಯದ ಡಿಪೋ ಒಂದರಲ್ಲಿ ಅತ್ಯಾ ಗುಮಾಸ್ತೆಯಾಗಿದ್ದಳು. ಅಲ್ಲಿ ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಚೀಲದ ತಪಾಸಣೆ. "ದಿನಾ ನನ್ನ ಬುತ್ತಿ ಡಬ್ಬಿ ತಗದು ನೋಡತಾರ. ಅವರು ನನ್ನ ನಂಬೂದಿಲ್ಲ ಅಂದ್ಮ್ಯಾಲೆ ನಾ ಯಾಕ ಮಂದೀನ ನಂಬಲಿ?" ಎನ್ನುತ್ತಿದ್ದಳು. ಫೋನು ಬಂದರೆ ಎತ್ತಿಕೊಂಡು ಸುಮ್ಮನೆ ನಿಲ್ಲುವಳು. ಆಚೆಯವರು ಮೊದಲು ಬಾಯಿ ಬಿಡಬೇಕು. ಯಾರಾದರೂ "ಅತ್ಯಾ, ಇವತ್ತಿನ ಸಾರು ಭಾಳ ರುಚಿ ಆಗೇದ" ಎಂದರೆ ಸೌಟು ಕೈಯಲ್ಲಿ ಹಿಡಿದುಕೊಂಡೇ ತಿರುಗಿ, "ಏನ್ ಬೇಕಾಗಿತ್ತು?" ಎಂದು ಕೇಳುವಳು. ಎಷ್ಟೋ ಸಲ ನಮಗೆ ಏನೋ ಬೇಕಾಗಿಯೇ ಇರುತ್ತಿತ್ತು ಅನ್ನಿ.

ಅವಳ ಸಂಶಯಗಳಲ್ಲೆಲ್ಲ ದೊಡ್ಡದು ವರಗಳ ಮೇಲಿನದು. ನಮ್ಮಲ್ಲಿ ಹುಡುಗನ ಕಡೆಯವರು ಮನೆಗೆ ಬಂದು, ಹುಡುಗಿ ಕೊಟ್ಟ ಉಪ್ಪಿಟ್ಟು ತಿಂದು, ಚಹಾ ಕುಡಿದು, ಊರು ಯಾವುದು ಗೋತ್ರ ಯಾವುದು ಎಂದು ಕೇಳಿ ಹೋಗುವುದು ರೂಢಿ. ಅತ್ಯಾಗೆ ಈ ಶಾಸ್ತ್ರ ಕಂಡರೆ ಆಗುತ್ತಿರಲಿಲ್ಲ. "ಉಪ್ಪಿಟ್ಟು ತಿನ್ನೂಮುಂದ ಎಲ್ಲಾರೂ ಸಂಭಾವಿತರ. ಕಣ್ಣು ತಾಟಿನ ಮ್ಯಾಲೆ, ಬಾಯಾಗ ತುತ್ತು. ಕೆಟ್ಟ ಮಾತು ಹೊರಗ ಬರಲಿಕ್ಕೆ ಜಾಗಾ ಎಲ್ಲೆದ? ಹುಡುಗನ್ನ ಘಾಟದಾಗ ನೋಡಬೇಕು," ಎನ್ನುವಳು.

ಇದು ಬರೀ ಮಾತಲ್ಲ. ನಮ್ಮ ಮನೆಯಲ್ಲಿ ಉಪ್ಪಿಟ್ಟಿಗೆ ಮೊದಲು ಘಾಟ. ಹುಡುಗನ ಮನೆಯವರಿಗೆ "ಶ್ರೀವರ್ಧನದ ಕಡೆ ಹೊಂಟೀವಿ, ಹರಿಹರೇಶ್ವರನ ದರ್ಶನ ಆಗತದ, ಸಮುದ್ರನೂ ನೋಡಿಧಂಗ ಆಗತದ, ನೀವೂ ಬರ್ರಿ" ಎಂದು ಹೇಳಿ ಕಳಿಸುವುದು. ಪುಣೆಯಿಂದ ಕಡಲಂಚಿನ ಆ ಊರಿಗೆ ಇಳಿಯಬೇಕೆಂದರೆ ಸಹ್ಯಾದ್ರಿಯನ್ನು ದಾಟಲೇಬೇಕು. ಒಂದು ಘಾಟದಲ್ಲಿ ಇಳಿದು ಇನ್ನೊಂದರಲ್ಲಿ ಹತ್ತಬಹುದು. ಅತ್ಯಾ ಘಾಟಗಳಿಗೂ ದರ್ಜೆ ಕೊಟ್ಟಿದ್ದಳು. ಮೇಲ್ನೋಟಕ್ಕೆ ಒಳ್ಳೆಯವನೆನಿಸಿದರೆ ತಾಮ್ಹಿಣಿ. ಸಂಶಯವಿದ್ದರೆ ವರಂಧಾ. ಜಾತಕದ ಜೊತೆ ಹುಡುಗನ ಬಗ್ಗೆ ಹೊಗಳಿಕೆ ಹೆಚ್ಚಾಗಿ ಬಂದಿದ್ದರೆ ಮಹಾಬಳೇಶ್ವರದಾಚೆಯ ಆಂಬೇನಳಿ. ನಿಯಮ ಒಂದೇ. ಗಾಡಿ ಹುಡುಗನೇ ಹೊಡೆಯಬೇಕು, ಅವನ ಪಕ್ಕದ ಸೀಟು ಅತ್ಯಾನದು.

ಮಳೆಗಾಲ ಮುಗಿಯುವ ಹೊತ್ತಿನ ತಾಮ್ಹಿಣಿ ನೋಡಿದವರಿಗೆ ಗೊತ್ತು. ಮುಳಶಿಯ ಕೆರೆ ಒಂದು ಕಡೆ, ಗೋಡೆಯ ಹಾಗೆ ನಿಂತ ಕರಿಕಲ್ಲು ಇನ್ನೊಂದು ಕಡೆ, ನಡುವೆ ಎಲ್ಲಿಂದಲೋ ಇಳಿದು ರಸ್ತೆಯ ಮೇಲೇ ಬೀಳುವ ನೀರು. ನಾವು ಹುಡುಗಿಯರು ಕಿಟಕಿಗೆ ಮೂಗು ಒತ್ತಿ ಕೂತಿರುತ್ತಿದ್ದೆವು. ಅತ್ಯಾ ಮಾತ್ರ ಸೆರಗಿನ ತುದಿ ಬಾಯಿಗೆ ಹಿಡಿದು, ಕಣಿವೆಯ ಕಡೆ ತಪ್ಪಿಯೂ ನೋಡದೆ, ಹುಡುಗನ ಕೈಯನ್ನೇ ನೋಡುತ್ತ ಕೂಡುವಳು. ಪಾಪ, ಆ ವರಗಳು ಘಾಟದ ತಿರುವಿಗಿಂತ ಆ ನೋಟಕ್ಕೇ ಹೆಚ್ಚು ಬೆವರುತ್ತಿದ್ದರು.

ನನ್ನ ಅಕ್ಕನಿಗೆ ಮೊದಲು ನೋಡಿದ ವರ ದೊಡ್ಡ ಹುದ್ದೆಯವನು. ಘಾಟದ ಏರಿನಲ್ಲಿ ಮುಂದಿನ ಟೆಂಪೋ ಕೆಟ್ಟು ನಿಂತಿತು. ಇವನು ಹಾರ್ನಿನ ಮೇಲೆ ಇಟ್ಟ ಕೈ ತೆಗೆಯಲಿಲ್ಲ. ಅತ್ಯಾ ಮನೆಗೆ ಬಂದು ಚಪ್ಪಲಿ ಬಿಡುತ್ತ ಅಪ್ಪನಿಗೆ ಹೇಳಿದಳು: "ಬ್ಯಾಡಣ್ಣಾ. ಕೆಟ್ಟು ನಿಂತ ಗಾಡಿಗೆ ಹಾರ್ನ್ ಹೊಡದ್ರ ಅದೇನ್ ಮಾಡಬೇಕು? ನಾಳೆ ನಮ್ಮ ಹುಡುಗಿ ಜ್ವರಾ ಬಂದು ಮಲಕೊಂಡಾಗೂ ಹಿಂಗ ಹೊಡಿತಾನ." ಅಲ್ಲಿಗೆ ಆ ಸಂಬಂಧ ಮುಗಿಯಿತು. ಮುಂದೆ ಅವನು ಬೇರೆ ಕಡೆ ಮದುವೆಯಾಗಿ ಸುಖವಾಗಿದ್ದಾನೆಂದು ಯಾರೋ ಬಂದು ಚುಚ್ಚಿದರು. ಅತ್ಯಾ ಕೇಳಿದ್ದು ಇಷ್ಟೇ: "ಅಂವನ ಹೆಂಡತೀನ ಕೇಳಿ ಬಂದೀರೇನು?"

ಕಾಕಾನ ಮಗಳಿಗೆ ನೋಡಿದವನು ಮಾಣಗಾವ ದಾಟಿದ ಮೇಲೆ ದಾರಿ ತಪ್ಪಿ ನಮ್ಮನ್ನೆಲ್ಲ ಯಾವುದೋ ಇಟ್ಟಂಗಿ ಭಟ್ಟಿಗೆ ತಂದು ನಿಲ್ಲಿಸಿದ್ದ. ಇವನೂ ಹೋದ ಅಂದುಕೊಂಡೆವು. ಅವನು ಇಳಿದು ಒಬ್ಬ ಮುದುಕಿಯ ಹತ್ತಿರ ದಾರಿ ಕೇಳಿದ. ತಿಳಿಯಲಿಲ್ಲವೆಂದು ಮತ್ತೆ ಇಳಿದು ಕೇಳಿದ. ಅತ್ಯಾ ಅವನನ್ನು ಒಪ್ಪಿಬಿಟ್ಟಳು. "ತಪ್ಪೀನಿ ಅಂತ ಎರಡು ಸಲ ಒಪ್ಪಿಕೊಂಡಾನ. ಗಂಡಸರೊಳಗ ಅದು ಸಣ್ಣ ಮಾತಲ್ಲ," ಎಂದಳು. ಅವರ ಸಂಸಾರ ಇಂದಿಗೂ ಚೆನ್ನಾಗಿದೆ, ನಾನು ಆ ತಂಗಿಯನ್ನೇ ಕೇಳಿ ಬರೆಯುತ್ತಿದ್ದೇನೆ.

ನನ್ನ ಸರದಿ ಬಂದಾಗ ನನಗೆ ಇದೊಂದೂ ತಮಾಷೆಯಾಗಿ ಕಾಣಲಿಲ್ಲ. ನಾನಾಗ ಶಿವಾಜಿನಗರದ ಕಾಲೇಜೊಂದರ ಕಚೇರಿಯಲ್ಲಿ ಕೆಲಸಕ್ಕಿದ್ದೆ. ಹುಡುಗ ಬೆಳಗಾವಿಯ ಕಡೆಯವನು, ಪಿಂಪ್ರಿಯಲ್ಲಿ ಗಾಡಿಯ ಬಿಡಿಭಾಗ ಪರೀಕ್ಷಿಸುವ ಕೆಲಸ. ದೊಡ್ಡವರ ಒಪ್ಪಿಗೆಯಿಂದಲೇ ಎರಡು ಸಲ ಸ್ಟೇಷನ್ನಿನ ಹತ್ತಿರ ಚಹಾ ಕುಡಿಯುತ್ತ ಮಾತಾಡಿದ್ದೆವು. ಎರಡನೆಯ ಸಲ ಮಾತಾಡುತ್ತ ಎರಡು ಲೋಕಲ್ ರೈಲು ತಪ್ಪಿಸಿಕೊಂಡಿದ್ದೆ. ನನ್ನ ಮನಸ್ಸು ಅಲ್ಲೇ ಕೂತುಬಿಟ್ಟಿತ್ತು. ಆದರೆ ಅತ್ಯಾ ಬೇಡ ಎಂದರೆ ಅಪ್ಪ ಅದನ್ನು ಮೀರುವುದಿಲ್ಲ. ಅಣ್ಣನಾದವನು ತಂಗಿಗೆ ಇಷ್ಟು ಅಂಜುವುದೇಕೆ ಎಂದು ನನಗೆ ಸಿಟ್ಟು ಬರುತ್ತಿತ್ತು. ಅದಕ್ಕಿಂತ ಕೆಟ್ಟದ್ದು, ಇನ್ನೊಂದು ಸಂಶಯ. ಅಕ್ಕ ಮದುವೆಯಾಗಿ ಹೋದಳು, ಕಾಕಾನ ಮಗಳೂ ಹೋದಳು. ಮನೆಯಲ್ಲಿ ಉಳಿದವಳು ನಾನೊಬ್ಬಳು. ನಾನೂ ಹೋದರೆ ಅತ್ಯಾನ ಕೊನೆಗಾಲಕ್ಕೆ ಯಾರು? ಅದಕ್ಕಾಗಿಯೇ ಇವನಲ್ಲಿ ಏನಾದರೂ ಹುಳುಕು ತೆಗೆಯುತ್ತಾಳೆ ಎಂದು ನಾನು ಗಟ್ಟಿಯಾಗಿ ನಂಬಿದ್ದೆ.

ದಸರಾ ಮುಗಿದ ಮೇಲೆ ಒಂದು ರವಿವಾರ ಬೆಳಗಿನ ಜಾವ ಹೊರಟೆವು. ಹುಡುಗ ಸ್ಟೀರಿಂಗಿನಲ್ಲಿ, ಪಕ್ಕದಲ್ಲಿ ಅತ್ಯಾ, ಹಿಂದೆ ಅಪ್ಪ, ಹುಡುಗನ ತಾಯಿ, ನಾನು. ದೇವರಿಗೆ ಹೋಗುವ ದಿನ ಅತ್ಯಾಗೆ ಉಪವಾಸ, ಅವಳ ಬಾಯಿಗೆ ಚಹಾ ಕೂಡ ಇಲ್ಲ.

ತಾಮ್ಹಿಣಿಯ ಮೊದಲ ತಿರುವು ಬರುತ್ತಲೇ ಹುಡುಗ ಜೇಬಿನಿಂದ ನಿಂಬೆಹಣ್ಣು ತೆಗೆದು ಎಲ್ಲರಿಗೂ ಒಂದೊಂದು ಹಂಚಿದ. "ಹೊಟ್ಟಿ ತೊಳಸಿದ್ರ ಮೂಸಿ ನೋಡ್ರಿ." ಯಾರಿಗೂ ಇನ್ನೂ ಹೊಟ್ಟೆ ತೊಳಸಿರಲಿಲ್ಲ. ಮುಂದೆ ಒಂದು ಟ್ರಕ್ಕು ಅಡ್ಡ ನಿಂತಿತು. ಇವನು ಇಂಜಿನ್ ಆರಿಸಿ, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು, "ಪಾಪ, ಅವರಿಗೂ ಏನ್ ತ್ರಾಸ ಇರತದೋ" ಎಂದ. ಕಣಿವೆ ಕಾಣುವ ಕಟ್ಟೆಯ ಹತ್ತಿರ ಎಲ್ಲರೂ ಇಳಿದು ಫೋಟೋ ತೆಗೆಯುತ್ತಿದ್ದರೆ ಇವನು ಯಾರೋ ಬಿಸಾಕಿದ ನೀರಿನ ಬಾಟಲಿ ಹೆಕ್ಕುತ್ತಿದ್ದ. ನನಗೂ ಒಳಗೊಳಗೆ ಅನುಮಾನ ಶುರುವಾಯಿತು. ಸ್ಟೇಷನ್ನಿನ ಹತ್ತಿರ ಚಹಾದ ಕಾಗದದ ಲೋಟ ಅಲ್ಲೇ ಕಟ್ಟೆಯ ಮೇಲೆ ಬಿಟ್ಟು ಎದ್ದವನು ಇವನೇ.

ಮಾಣಗಾವ ದಾಟಿದ ಮೇಲೆ ಎಲ್ಲವೂ ಬಯಲಾಯಿತು. ರಸ್ತೆ ಎರಡಾಗುವಲ್ಲಿ ಶ್ರೀವರ್ಧನ ಎಂದು ಬಾಣದ ಗುರುತು ಹಾಕಿದ ಬೋರ್ಡು ನಿಂತಿತ್ತು, ಆಳೆತ್ತರದ ಅಕ್ಷರ. ಹುಡುಗ ಸರಿಯಾಗಿ ಅದರ ಬುಡದಲ್ಲಿ ಗಾಡಿ ನಿಲ್ಲಿಸಿ, ಇಳಿದು, ಸೈಕಲ್ಲಿನ ಮೇಲೆ ಹೋಗುತ್ತಿದ್ದವನನ್ನು ತಡೆದು, ಶ್ರೀವರ್ಧನಕ್ಕೆ ಹೇಗೆ ಹೋಗುವುದೆಂದು ಕೇಳಿದ. ಆ ಮನುಷ್ಯ ಒಮ್ಮೆ ಬೋರ್ಡು ನೋಡಿದ, ಒಮ್ಮೆ ಇವನನ್ನು ನೋಡಿದ, ಪೆಡಲು ತುಳಿದು ಹೋದ. ಅತ್ಯಾ ತಿರುಗಿ ಅಪ್ಪನನ್ನು ನೋಡಿದಳು. ಅಪ್ಪ ಆಕಾಶ ನೋಡುತ್ತಿದ್ದರು.

ದರ್ಶನವಾಗಿ, ನಾವೆಲ್ಲ ಊಟ ಮಾಡಿ, ಅತ್ಯಾ ಬರೀ ಎಳನೀರು ಕುಡಿದು, ಸಮುದ್ರದ ದಂಡೆಯಲ್ಲಿ ನಿಂತಾಗ ಅತ್ಯಾ ಅಪ್ಪನನ್ನು ಒಂದು ಕಡೆ ಕರೆದಳು. ನಾನೂ ಹಿಂದೆಯೇ ಹೋದೆ.

"ಅಣ್ಣಾ, ಪೇಪರ್ ಲೀಕ್ ಮಾಡೀದಿ, ಹೌದಲ್ಲ?"

ಅಪ್ಪ ಚಪ್ಪಲಿಯಿಂದ ಮರಳು ಕೆದರಿದರು. "ಹುಡುಗಿ ಮನಸ್ಸು ಅಲ್ಲೇ ಅದ. ಅವರಪ್ಪಗ ಫೋನ್ ಮಾಡಿ ನಾಕು ಮಾತು ಹೇಳಿದೆ. ಏನ್ ಮಾಡಲಿ?"

"ನಾಕಲ್ಲ, ಎಲ್ಲಾ ಹೇಳೀದಿ. ಇಷ್ಟು ಛಂದ ನಡಕೊಳ್ಳೋ ಮನಷ್ಯಾನ್ನ ನಾ ಹೆಂಗ ನಂಬಲಿ? ನಿನ್ನ ಮಾತು ಯಾವುದು, ಅಂವನ ಗುಣಾ ಯಾವುದು, ಹೆಂಗ ಆರಿಸಲಿ?"

ನನಗೆ ತಡೆಯಲಾಗಲಿಲ್ಲ. "ನೀ ಹೆಂಗಿದ್ರೂ ಬ್ಯಾಡ ಅನ್ನಾಕೇ ಬಂದೀದಿ ಅತ್ಯಾ. ನಾ ಹೋದ್ರ ನಿನಗ ಯಾರೂ ಇರೂದಿಲ್ಲ ಅಂತ ಅಲ್ಲೇನು?" ಎಂದುಬಿಟ್ಟೆ.

ಅವಳು ನನ್ನ ಮುಖ ನೋಡಿದಳು. ಸಿಟ್ಟಾಗುತ್ತಾಳೆ ಅಂದುಕೊಂಡೆ, ಆಗಲಿಲ್ಲ. ಸೀರೆಯ ಅಂಚಿನ ಮರಳು ಝಾಡಿಸಿಕೊಂಡು, "ತಿರುಗಿ ಹೋಗೂಮುಂದ ವರಂಧಾದಿಂದ ಹೋಗೋಣ," ಎಂದಷ್ಟೇ ಹೇಳಿ ಗಾಡಿಯ ಕಡೆ ನಡೆದಳು.

ಅಪ್ಪ ಹೇಳಿಕೊಟ್ಟ ಪಾಠ ತಾಮ್ಹಿಣಿಯದು. ಮಹಾಡದಿಂದ ವರಂಧಾದ ಕಡೆ ತಿರುಗಿದಾಗ ಹುಡುಗನಿಗೆ ದಣಿವಾಗಿತ್ತು, ನಟಿಸಿ ನಟಿಸಿ ಸಾಕೂ ಆಗಿತ್ತು. ಆ ಘಾಟ ಇನ್ನೂ ಇಕ್ಕಟ್ಟು, ಮಳೆಗೆ ಕಿತ್ತ ರಸ್ತೆ, ಎದುರಿಗೆ ಗಾಡಿ ಬಂದರೆ ಒಬ್ಬರು ಹಿಂದೆ ಸರಿಯಲೇಬೇಕು. ಆಡಿನ ಹಿಂಡು ಅಡ್ಡ ಬಂದಾಗ ಇವನು ಉದ್ದಕ್ಕೆ ಹಾರ್ನ್ ಹೊಡೆದ. ನಾನು ಕಣ್ಣು ಮುಚ್ಚಿಕೊಂಡೆ. ಇನ್ನೊಂದು ತಿರುವಿನಲ್ಲಿ ಎದುರಿನ ಜೀಪಿನವನಿಗೆ ಮರಾಠಿಯಲ್ಲಿ ಏನೋ ಅಂದ, ಅದನ್ನು ಇಲ್ಲಿ ಬರೆಯಲಾಗದು. ಹಿಂದೆ ಅವನ ತಾಯಿ ಕೆಮ್ಮಿದರು. ನನ್ನ ಮದುವೆ ಆ ಕಣಿವೆಯೊಳಗೆ ಇಳಿದು ಹೋಗುವುದು ನನಗೆ ಕಾಣುತ್ತಿತ್ತು.

ವಾಘಜಾಯಿ ಗುಡಿಯ ಹತ್ತಿರ ಭಜಿ ಅಂಗಡಿಗಳು ಕಾಣುವಷ್ಟರಲ್ಲಿ ಅತ್ಯಾ ಒಮ್ಮೆಲೆ ಡ್ಯಾಶ್‌ಬೋರ್ಡಿನ ಮೇಲೆ ಕೈ ಊರಿದಳು. ಅವಳಿಗೆ ವಾಂತಿಯಾಯಿತು. ಇಷ್ಟು ವರ್ಷಗಳಲ್ಲಿ ಘಾಟದಲ್ಲಿ ಅವಳಿಗೆ ಹೀಗಾದದ್ದನ್ನು ನಾವು ಯಾರೂ ನೋಡಿರಲಿಲ್ಲ, ಆದ್ದರಿಂದ ಅಪ್ಪನ ಪಾಠದಲ್ಲಿ ಇದು ಇರಲಿಲ್ಲ. ಹುಡುಗ ಗಾಡಿಯನ್ನು ಬದಿಗೆ ನಿಲ್ಲಿಸಿದ್ದು ಹೇಗೋ ಗೊತ್ತಿಲ್ಲ, ನಾನು ನೋಡುವಷ್ಟರಲ್ಲಿ ಎರಡೂ ಕೈ ಬೊಗಸೆ ಮಾಡಿ ಅವಳ ಬಾಯಿಯ ಕೆಳಗೆ ಹಿಡಿದಿದ್ದ. ಬೊಗಸೆ ಎಷ್ಟು ತಡೆದೀತು? ಅವನ ಬಿಳಿ ಅಂಗಿಯ ತುಂಬ ಆಯಿತು.

"ಹೊಸಾ ಅಂಗಿ ಅದು," ಎಂದರು ಅವನ ತಾಯಿ, ಮೆಲ್ಲಗೆ.

ಅವನು ಅತ್ತ ನೋಡಲೇ ಇಲ್ಲ. ಅತ್ಯಾಗೆ ಬೈಯುತ್ತಿದ್ದ. "ಏನ್ರಿ ಅತ್ಯಾ, ಬಾಯಿ ಬಿಟ್ಟು ಹೇಳಬಾರದೇನ್ರಿ? ಯಾವಾಗಿಂದ ತಡಕೊಂಡು ಕೂತೀರಿ? ಮುಂಜಾನಿಂದ ಹೊಟ್ಟಿಗೂ ಏನಿಲ್ಲ. ಇಷ್ಟು ಹಟಾ ಯಾಕ್ರಿ?" ಬೈಯುತ್ತಲೇ ಅವಳನ್ನು ಇಳಿಸಿ ಕಲ್ಲಿನ ಮೇಲೆ ಕೂಡಿಸಿ, ಬೆನ್ನು ನೀವಿ, ನೀರು ಹನಿಸಿ ಬಾಯಿ ತೊಳೆದ. ಅದರಲ್ಲಿ ಬೆಳಗಿನ ಮರ್ಯಾದೆ ಸ್ವಲ್ಪವೂ ಇರಲಿಲ್ಲ. ಅಪ್ಪ ಬಾಗಿಲ ಹತ್ತಿರ ಕಲ್ಲಿನ ಹಾಗೆ ನಿಂತಿದ್ದರು.

ಭಜಿ ಅಂಗಡಿಯ ಹೆಂಗಸು ತಂಬಿಗೆ ಹಿಡಿದು ಓಡಿ ಬಂದು, ಇವರ ಜೊತೆಗೆ ಯಾರಿದ್ದಾರೆ ಎಂದು ಮರಾಠಿಯಲ್ಲಿ ಕೇಳಿದಳು. "ಹ್ಯಾಂಚ್ಯಾಬರೋಬರ್ ಕೋಣ್ ಆಹೇ?"

ನಾನು ಬಾಯಿ ತೆರೆಯುವ ಮೊದಲೇ ಹುಡುಗ ಹಿಂದಿರುಗಿ ನೋಡದೆ, "ಮೀ ಆಹೇ," ಎಂದ. ನಾನಿದ್ದೇನೆ.

ಅತ್ಯಾ ಅವನ ಮುಂಗೈ ಹಿಡಿದಳು. ಹಿಡಿದವಳು ಬಿಡಲಿಲ್ಲ. ವಾಂತಿಯಾದಾಗ ಕಣ್ಣಲ್ಲಿ ನೀರು ಬರುವುದು ಸಹಜ. ಆದರೆ ಆ ನೀರು ಬಹಳ ಹೊತ್ತಾದರೂ ನಿಲ್ಲಲಿಲ್ಲ. ಅಲ್ಲಿಂದ ಮುಂದೆ ಹುಡುಗ ಬನಿಯನ್ನಿನಲ್ಲೇ ಗಾಡಿ ಹೊಡೆದ. ಭೋರ ದಾಟಿದ ಮೇಲೆ ಅತ್ಯಾ ಹಿಂದಕ್ಕೆ ತಿರುಗಿ ಅವನ ತಾಯಿಗೆ ಹೇಳಿದಳು: "ಮುಂದಿನ ಐತವಾರ ಮನೀಗೆ ಬರ್ರಿ. ಉಪ್ಪಿಟ್ಟು ಮಾಡತೀವಿ."

ಅವರಿಗೆ ಇದರ ಅರ್ಥವಾಗಲಿಲ್ಲ, ಇಷ್ಟೆಲ್ಲ ಆದ ಮೇಲೆ ಉಪ್ಪಿಟ್ಟೇಕೆ ಎಂಬಂತೆ ನನ್ನ ಮುಖ ನೋಡಿದರು. ನಾನು ಅತ್ತು ನಕ್ಕು ಏನೇನೋ ಮಾಡಿದೆ. ಅಪ್ಪ ಮುಖವನ್ನು ಕಿಟಕಿಯ ಕಡೆ ಹೊರಳಿಸಿಕೊಂಡಿದ್ದರು, ಅವರ ಹೆಗಲು ಅಲ್ಲಾಡುತ್ತಿತ್ತು.

ಮದುವೆಯಾಯಿತು. ಆದರೆ ನಾನು ಅತ್ಯಾ ಬೆಳೆಸಿದ ಹುಡುಗಿ, ಸಂಶಯ ಎಲ್ಲಿ ಹೋಗಬೇಕು? ಒಂದು ಸಲವೂ ಘಾಟದಲ್ಲಿ ಹೊಟ್ಟೆ ಕೆಡದವಳಿಗೆ ಅವತ್ತೇ ಸರಿಯಾಗಿ ಕೆಟ್ಟದ್ದು ಹೇಗೆ? ಪೇಪರು ಬಯಲಾಯಿತೆಂದು ಹೊಸ ಪ್ರಶ್ನೆ ತೆಗೆದಳು, ಬೇಕೆಂದೇ ಬಾಯಲ್ಲಿ ಬೆರಳು ಹಾಕಿಕೊಂಡಳು ಎಂದು ನನ್ನ ಲೆಕ್ಕ. ಗಂಡನಿಗೆ ಹೇಳಿದರೆ, "ಕೈಯಾಗ ಹಿಡದಾಂವ ನಾ. ಅದು ನಾಟಕಾ ಅಲ್ಲ," ಎನ್ನುತ್ತಿದ್ದರು. ಅತ್ಯಾನನ್ನು ಕೇಳಿದರೆ, "ಏನ್ ಬೇಕಾಗಿತ್ತು?" ಎಂದು ಮಾತು ಹಾರಿಸುವಳು.

ಅವಳು ಉತ್ತರ ಕೊಟ್ಟದ್ದು ಹಾಸಿಗೆ ಹಿಡಿದ ವರ್ಷ. ಅವಳನ್ನು ನಾವು ನಮ್ಮ ಮನೆಗೇ ಕರೆದುಕೊಂಡು ಬಂದಿದ್ದೆವು, ಹಟ ಮಾಡಿ ಕರೆತಂದವರು ನಮ್ಮವರೇ. ಒಂದು ಮಧ್ಯಾಹ್ನ ನಾನು ಅವಳ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದೆ. ತಾನಾಗಿಯೇ ಮಾತು ತೆಗೆದಳು.

"ಮದುವಿ ಆದ ಹೊಸದರಾಗ ಅತ್ತಿ ಮನಿಯವರು ನಮ್ಮಿಬ್ಬರನ್ನ ಹರಿಹರೇಶ್ವರಕ್ಕ ಕಳಿಸಿದ್ರು. ಬಸ್ಸು. ಘಾಟ ನಾ ಅಲ್ಲೀತನಕ ನೋಡೇ ಇದ್ದಿಲ್ಲ. ವಾಂತಿ ಆತು, ಮುಂದಿನ ಸೀಟಿನವರ ಮ್ಯಾಲೆ ಬಿತ್ತು. ಎಲ್ಲಾರೂ ಒದರ್ಯಾಡಲಿಕ್ಕೆ ಹತ್ತಿದ್ರು. ಕಂಡಕ್ಟರ್ ಬಂದು ಕೇಳಿದಾ, ಈ ಹೆಣ್ಣುಮಗಳ ಜೋಡಿ ಯಾರಿದ್ದೀರಿ ಅಂತ."

ನಾನು ಎಣ್ಣೆ ಹಚ್ಚುವುದನ್ನು ನಿಲ್ಲಿಸಿದೆ.

"ಅಂವಾ ಕಿಡಿಕ್ಯಾಗಿಂದ ಹೊರಗ ನೋಡಿಕೋತ ಕೂತಾ. ಕಂಡಕ್ಟರ್ ಮತ್ತ ಕೇಳಿದಾ. ಅಂವಾ ಎದ್ದು ಹೋಗಿ ಹಿಂದಿನ ಸೀಟಿನಾಗ ಕೂತಾ. ಯಾರೂ ಇಲ್ರಿ, ನಾ ಒಬ್ಬಾಕೇ ಇದ್ದೀನಿ ಅಂತ ನಾನ ಹೇಳಿದೆ. ಉಪ್ಪಿಟ್ಟು ತಿನ್ನೂಮುಂದ ಭಾಳ ಶ್ಯಾಣ್ಯಾ ಕಂಡಿದ್ದಾ. ಅಂವನ್ನ ಆರಿಸಿದಾಂವ ನಿಮ್ಮಪ್ಪನೇ."

ಅಪ್ಪ ಕುಡಿಯುತ್ತಿದ್ದ ನೀರೆಲ್ಲ ನನಗೆ ಆಗ ಅರ್ಥವಾಯಿತು. ಮತ್ತೆ ಎಣ್ಣೆ ತಿಕ್ಕುತ್ತ ಕೇಳಿದೆ: "ಮತ್ತ ಆವತ್ತು ವರಂಧಾದಾಗ?"

"ಖರೆ ಆಗಿದ್ದು. ನನಗ ಘಾಟ ಆಗಿ ಬರೂದಿಲ್ಲ, ಯಾವತ್ತೂ ಆಗಿ ಬಂದಿಲ್ಲ. ಉಪಾಸಿದ್ದು, ಕಣ್ಣು ಹೊರಗ ಹಾಕದ, ಬಾಯಿ ಮುಚಿಗೊಂಡು ಹೆಂಗೋ ದಾಟತಿದ್ದೆ. ಆವತ್ತು ಅಂವಾ ಖರೇನ ಎಂಥಾಂವ ಅಂತ ನನಗ ತಿಳೀಬೇಕಾಗಿತ್ತು. ತಡಕೊಳ್ಳೋದು ಬಿಟ್ಟೆ."

"ಇಷ್ಟು ತ್ರಾಸ ಯಾಕ ಮಾಡಿಕೊಂಡಿ ಅತ್ಯಾ? ಬ್ಯಾರೆ ಏನರ ಪರೀಕ್ಷಾ ಇಡಬಹುದಿತ್ತಲ್ಲ?"

ಅವಳು ನಕ್ಕಳು. "ನನಗ ಬ್ಯಾರೆ ಯಾವ ಪರೀಕ್ಷಾ ಗೊತ್ತಿತ್ತು, ಹುಚ್ಚಿ?"

ಅದಾಗಿ ಬಹಳ ದಿನ ಉಳಿಯಲಿಲ್ಲ. ಹೋಗುವ ಹಿಂದಿನ ದಿನ ಕೂಡ ಗುಳಿಗೆಯನ್ನು ಬೆಳಕಿಗೆ ಹಿಡಿದು ನೋಡಿ, ಡಾಕ್ಟರರ ಮೇಲೆ ಒಂದು ಸಂಶಯ ಹೇಳಿಯೇ ನುಂಗಿದಳು. ಅವಳ ಅಸ್ಥಿಯನ್ನು ನಾವು ಹರಿಹರೇಶ್ವರದ ಸಮುದ್ರಕ್ಕೇ ಒಯ್ದೆವು. ತಾಮ್ಹಿಣಿಯಲ್ಲಿ ನೀರು ಬೀಳುತ್ತಿತ್ತು, ಕಣಿವೆಯ ತುಂಬ ಹಸಿರು. ಅಕ್ಕ, ಕಾಕಾನ ಮಗಳು, ನಾನು ಮೂವರೂ ಹಿಂದಿನ ಸೀಟಿನಲ್ಲಿದ್ದೆವು, ನಮ್ಮ ಗಂಡಂದಿರು ಇನ್ನೊಂದು ಗಾಡಿಯಲ್ಲಿ ಹಿಂದೆಯೇ ಬರುತ್ತಿದ್ದರು. ಆ ಬಸ್ಸಿನಲ್ಲಿ ತಾನು ಒಬ್ಬಳೇ ಎಂದು ಹೇಳಬೇಕಾಗಿ ಬಂದವಳು, ನಾವು ಯಾರೂ ಯಾವತ್ತೂ ಹಾಗೆ ಹೇಳಬೇಕಾಗಬಾರದೆಂದು ಅದೇ ಘಾಟವನ್ನು ಮತ್ತೆ ಮತ್ತೆ ದಾಟಿದ್ದಳು. ನಾನು ಮಾತ್ರ ಅವಳು ತನ್ನ ಸಲುವಾಗಿ ಮಾಡುತ್ತಾಳೆಂದು ತಿಳಿದಿದ್ದೆ.